ಪಾರ್ಲಿಮೆಂಟಿನಿಂದ ವಾರ್ಡಿಗೆ

ನಮ್ಮ ಯಜಮಾನರು ಮೊದಲ ಸಲ ಚುನಾವಣೆಗೆ ನಿಂತದ್ದು ಸ್ವಾತಂತ್ರ್ಯ ಬಂದ ಹೊಸದರಲ್ಲಿ, ಮೈಸೂರಿನ ಪುರಸಭೆಗೆ. ಆಗ ನಾವು ಚಾಮರಾಜಪುರದಲ್ಲಿದ್ದೆವು. ಅವರು ವಕೀಲರು. ಆದರೆ ಕೋರ್ಟಿಗಿಂತ ಬೀದಿಯಲ್ಲೇ ಹೆಚ್ಚು ಹೊತ್ತು ಇರುತ್ತಿದ್ದರು. ವಾರ್ಡಿನ ಅಂಚಿನಲ್ಲಿ ಗಾರೆ ಕೆಲಸದವರ ಒಂದು ಕೇರಿಯಿತ್ತು. ಸುತ್ತಲ ಹಳ್ಳಿಗಳಿಂದ ಬಂದು ನೆಲೆ ನಿಂತ ಮೂವತ್ತು ನಲವತ್ತು ಮನೆಗಳು. ನೀರಿಗೆ ಅಲ್ಲಿನ ಹೆಂಗಸರು ಅರ್ಧ ಮೈಲಿ ನಡೆಯುತ್ತಿದ್ದರು. ಗೆದ್ದ ವರ್ಷವೇ ಇವರು ಅಲ್ಲಿಗೆ ನಲ್ಲಿ ಹಾಕಿಸಿದರು. ಸಭೆಯಲ್ಲಿ ವಾದ ಮಾಡಿ ಸಾಕಾಗಿ, ಕೊನೆಗೆ ಇಂಜಿನಿಯರರನ್ನೇ ಮನೆಯಿಂದ ಕರೆದುಕೊಂಡು ಹೋಗಿ ಜಾಗ ತೋರಿಸಿದ್ದರು. ನೀರು ಬಂದ ದಿನ ಆ ಕೇರಿಯ ಹಿರಿಯ ಮುದುಕಿಯೊಬ್ಬಳು ನಮ್ಮ ಮನೆಗೆ ಬಂದು, ಮಡಿಲಲ್ಲಿದ್ದ ಅವರೆಕಾಯಿಯನ್ನು ಜಗಲಿಯ ಮೇಲೆ ಸುರಿದು ಹೋದಳು.

ಆ ಹೆಸರೇ ಅವರನ್ನು ದೆಹಲಿಗೆ ಕಳಿಸಿತು. ಪಾರ್ಲಿಮೆಂಟಿಗೆ ಗೆದ್ದಾಗ ನನಗಾದ ಹಿಗ್ಗನ್ನು ಮುಚ್ಚಿಡುವುದಿಲ್ಲ. ಮಕ್ಕಳ ಓದಿಗಾಗಿ ನಾನು ಮೈಸೂರಿನಲ್ಲೇ ಉಳಿದೆ. ಅವರ ಕಾಗದಗಳು ಬರುತ್ತಿದ್ದವು: ಹಿಂದಿ ನಾಲಿಗೆಗೆ ಹತ್ತುತ್ತಿಲ್ಲ, ಚಳಿ ತಡೆಯಲಾಗುತ್ತಿಲ್ಲ, ಮಾತಾಡಲು ಸರದಿ ಸಿಗಲಿಲ್ಲ. ಬರಬರುತ್ತಾ ಕಾಗದಗಳು ಚಿಕ್ಕವಾದವು.

ನಾಲ್ಕನೆಯ ವರ್ಷ ಅಧಿವೇಶನ ಮುಗಿಸಿ ಊರಿಗೆ ಬಂದಿದ್ದಾಗ, ಒಂದು ಬೆಳಿಗ್ಗೆ ಅದೇ ಮುದುಕಿ ಇನ್ನಿಬ್ಬರು ಹೆಂಗಸರ ಜೊತೆ ಬಂದಳು. ಕೂರಿ ಎಂದರೂ ಕೂರಲಿಲ್ಲ.

"ಬುದ್ದಿ, ರಸ್ತೆ ಅಗಲ ಮಾಡ್ತಾರಂತೆ. ನಮ್ ಮನೆಗಳ್ನೆಲ್ಲ ತೆಗೀಬೇಕು ಅಂತ ಕಾಗದ ಬಂದದೆ. ಅದ್ಕೆ ನೀವೂ ರುಜು ಆಕಿದೀರಿ ಅಂತಾರೆ. ನಿಜವಾ?"

ಇವರಿಗೆ ನೆನಪಾಯಿತು. ಊರಿನ ಕೆಲವು ದೊಡ್ಡ ಮನುಷ್ಯರು ರಸ್ತೆಗೆ ಶಿಫಾರಸು ಬೇಕೆಂದು ದೆಹಲಿಗೆ ಅರ್ಜಿ ಕಳಿಸಿದ್ದರು. ಒಂದು ಕಟ್ಟು ಕಾಗದಗಳ ನಡುವೆ ಇವರು ಅದಕ್ಕೂ ಸಹಿ ಮಾಡಿದ್ದರು.

"ಹೌದು ಕಣವ್ವ, ಮಾಡಿದೀನಿ. ಯಾವ ರಸ್ತೆ ಅಂತ ನೋಡಲಿಲ್ಲ."

"ನೀವೇ ನೋಡ್ನಿಲ್ಲ ಅಂದ್ಬುಟ್ರೆ ನಾವು ಯಾರ್ ತಾವ ಓಗಾನ ಬುದ್ದಿ?" ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ.

ಅಂದಿನಿಂದ ಅವರು ಸಿಕ್ಕವರನ್ನೆಲ್ಲ ಕಂಡರು, ಮಂತ್ರಿಗಳಿಗೆ ಬರೆದರು, ತಮ್ಮ ಶಿಫಾರಸನ್ನು ಹಿಂದಕ್ಕೆ ಪಡೆದರು. ಕೆಲಸ ಆ ವೇಳೆಗೆ ಬಹಳ ಮುಂದೆ ಹೋಗಿತ್ತು. ಊರಾಚೆ ಬದಲಿ ಜಾಗ ಕೊಡಿಸಲಷ್ಟೇ ಸಾಧ್ಯವಾಯಿತು. ಮನೆಗಳ ಹೆಂಚು ಇಳಿಸಿದ ದಿನ ಬೆಳಿಗ್ಗೆಯಿಂದ ಸಂಜೆವರೆಗೂ ಅವರು ಅಲ್ಲೇ ಬಿಸಿಲಲ್ಲಿ ನಿಂತಿದ್ದರು. ಯಾರೂ ಅವರನ್ನು ಬೈಯಲಿಲ್ಲ, ಯಾರೂ ಮಾತಾಡಿಸಲೂ ಇಲ್ಲ. ಮನೆಗೆ ಬಂದು ಊಟ ಬೇಡವೆಂದರು.

ಮುಂದಿನ ಚುನಾವಣೆಗೆ ಪಕ್ಷದವರು ಮತ್ತೆ ಟಿಕೆಟ್ಟು ಕೊಡಲು ಬಂದಾಗ ಕೈಮುಗಿದು ಕಳಿಸಿಬಿಟ್ಟರು. ಕೆಲವು ತಿಂಗಳ ನಂತರ, ಆ ಹೊಸ ಜಾಗವಿದ್ದ ವಾರ್ಡಿನಿಂದ ಪುರಸಭೆಗೆ ನಿಲ್ಲುತ್ತೇನೆ ಎಂದರು. ನನಗೆ ತಡೆಯಲಾಗಲಿಲ್ಲ.

"ಡೆಲ್ಲಿಲಿ ಕೂತಿದ್ದೋರು ಮತ್ತೆ ವಾರ್ಡಿಗಾ? ಜನ ಏನಂದ್ಕೋತಾರೆ?"

"ಅಲ್ಲಿ ಕೂತ್ರೆ ನಂಗೆ ಕೇರಿ ಕಾಣಲ್ಲ ಕಣೆ. ಕಾಣೋ ಕಡೆ ಇರ್ತೀನಿ."

ಆ ಸಲ ಸೋತರು. ಹೊಸ ಕೇರಿಯವರೇ ಅವರಿಗೆ ಓಟು ಹಾಕಲಿಲ್ಲವೆಂದು ಊರೆಲ್ಲ ಮಾತಾಯಿತು. ಇವರು ಮರುವಾರವೇ ಅಲ್ಲಿಗೆ ಹೋಗಿ ಚರಂಡಿಯ ಅರ್ಜಿ ಬರೆದುಕೊಟ್ಟರು. ಹಾಗೇ ವರ್ಷಗಟ್ಟಲೆ ಸೈಕಲ್ಲಿನಲ್ಲಿ ಓಡಾಡಿದರು. ಮುಂದಿನ ಸಲ ಅಲ್ಪ ಮತಗಳಲ್ಲಿ ಗೆದ್ದು, ಸಾಯುವವರೆಗೆ ಆ ವಾರ್ಡಿನ ಸದಸ್ಯರಾಗಿಯೇ ಇದ್ದರು. ಆ ಮುದುಕಿ ಮಾತ್ರ ಮತ್ತೆ ನಮ್ಮ ಮನೆಗೆ ಬರಲಿಲ್ಲ. ಅವಳ ಮಗ ಬಂದು, ಅವಳು ತೀರಿಕೊಂಡ ಸುದ್ದಿ ಹೇಳಿದ. ಇವರು ಮಣ್ಣಿಗೆ ಹೋಗಿ ಬಂದರು.

ಆ ವರ್ಷಗಳಲ್ಲಿ ಲಕ್ಷ್ಮೀಪುರದ ನೆಂಟರ ಮದುವೆಗಳಿಗೆ ಹೋದಾಗ ನನ್ನನ್ನು ಎಂಪಿಯವರ ಹೆಂಡತಿ ಎಂದೇ ಪರಿಚಯ ಮಾಡಿಸುತ್ತಿದ್ದರು. ಈಗ ಪುರಸಭೆಯ ಸದಸ್ಯರು ಎಂದು ತಿದ್ದುವ ಧೈರ್ಯ ನನಗೆ ಒಮ್ಮೆಯೂ ಬರಲಿಲ್ಲ. ಪಕ್ಕದಲ್ಲೇ ನಿಂತು ಯಜಮಾನರೂ ಅದನ್ನು ಕೇಳಿಸಿಕೊಂಡಿದ್ದರು. ನನ್ನನ್ನು ಏನೂ ಅನ್ನಲಿಲ್ಲ.