ಹಬ್ಬಕ್ಕೆ ಮುಂಚೆ ಬಿಡಿಸಿಕೊಂಡು ಬಂದದ್ದು

ಅಥವಾ ಅತ್ತಿಗೆ ಆ ಮಾತು ಹೇಳಿದ್ದು ನಾನು ಸಹಿ ಹಾಕಿದ ಮೇಲೆಯೇ ಇರಬೇಕು. ಮುಂಚೆ ಹೇಳಿದ್ದರೆ ನಾನು ಪೆನ್ನು ಕೆಳಗಿಡುತ್ತಿದ್ದೆ ಎಂದು ನಂಬಲು ನನಗೆ ಇಷ್ಟ. ಇಷ್ಟವಾದದ್ದೆಲ್ಲ ನಿಧಾನಕ್ಕೆ ನಡೆದದ್ದಾಗಿಬಿಡುತ್ತದೆ; ನನ್ನ ನೆನಪಿನ ಮೇಲೆ ನನಗಿರುವ ತಕರಾರೇ ಅದು. “ಇನ್ನೊಂದಷ್ಟು ದಿನ ಇಲ್ಲೇ ಇರ್ತೀನಿ ಕಣೇ.” ಇಷ್ಟೇ ಮಾತು. ಹೇಳಿದ್ದು ನಿಜ. ಯಾವಾಗ ಎಂಬುದೇ ಜಾರುತ್ತದೆ.

ಜಾಗ, ಬಾಗಲೂರಿನ ಆಚೆ ಇದ್ದ ಒಂದು ಕುಡಿತ ಬಿಡಿಸುವ ಕೇಂದ್ರ. ಅತ್ತಿಗೆ ನನ್ನ ಅಣ್ಣನ ಹೆಂಡತಿ, ಆಗ ನಲವತ್ತಮೂರು ವರ್ಷ. ಗಂಡನಿಂದ ಬೇರೆಯಾಗಿ ನಾನು ಮತ್ತಿಕೆರೆಯ ತವರಿಗೆ ವಾಪಸು ಬಂದ ಮೇಲೆ ಎರಡು ವರ್ಷ ಒಂದೇ ಅಡುಗೆಮನೆಯಲ್ಲಿ ಕೆಲಸ ಮಾಡಿದರೂ ಅವಳು ಕುಡಿಯುವುದು ನನಗೆ ಗೊತ್ತಾಗಲಿಲ್ಲ. ಇಲ್ಲ, ಇದು ಸುಳ್ಳು. ಏಲಕ್ಕಿಯ ವಾಸನೆ ಗೊತ್ತಾಗುತ್ತಿತ್ತು. ಬೆಳಿಗ್ಗೆ ಹತ್ತು ಗಂಟೆಗೆ ಯಾರು ಏಲಕ್ಕಿ ಅಗಿಯುತ್ತಾರೆ? ಮೆಟ್ಟಿಲ ಕೆಳಗೆ ವಿಸ್ಕಿಯ ಖಾಲಿ ಪ್ಯಾಕೆಟ್ಟುಗಳು ಸಿಕ್ಕಾಗ ಅಮ್ಮ ಮೇಲಿನ ರೂಮಿನ ಬಾಡಿಗೆಯವರನ್ನು ಬಾಯಿಗೆ ಬಂದಂತೆ ಬೈದು ಖಾಲಿ ಮಾಡಿಸಿದಳು. ನಾನು ಅಮ್ಮನ ಪಕ್ಕದಲ್ಲೇ ನಿಂತು ತಲೆಯಾಡಿಸಿದೆ.

ಒಂದು ದಿನ ಅತ್ತಿಗೆ ತಾನೇ ಬಿಡುತ್ತೇನೆಂದು ಯಾರಿಗೂ ಹೇಳದೆ ಕುಡಿತ ಬಿಟ್ಟಳು. ಎರಡನೇ ದಿನ ಸಿಂಕಿನ ಮುಂದೆ ಫಿಟ್ಸ್ ಬಂದು ಬಿದ್ದಳು. ಆಸ್ಪತ್ರೆಯಲ್ಲಿ ಡಾಕ್ಟರು ಕುಡಿತದ ಬಗ್ಗೆ ಕೇಳಿದಾಗ ಅಣ್ಣ, “ನಮ್ಮನೇಲಿ ಹೆಂಗಸ್ರು ಹಂಗೆಲ್ಲ ಇಲ್ಲ ಸಾರ್” ಅಂದ. ಮಂಚದ ಮೇಲಿಂದ ಅತ್ತಿಗೆಯೇ ಹೇಳಿದಳು: “ದಿನಾ ಕುಡೀತೀನಿ ಡಾಕ್ಟ್ರೇ. ನಾಲ್ಕು ವರ್ಷ ಆಯ್ತು.” ಆ ಮನೆಯವರ ಬಾಯಲ್ಲಿ ನಾನು ಕೇಳಿದ ಮೊದಲ ನಿಜ ಅದು ಅನ್ನಿಸಿತ್ತು.

ಕೇಂದ್ರಕ್ಕೆ ಸೇರಿಸಲು ಅಣ್ಣ ಬರಲಿಲ್ಲ. ಅವನದು ಹಾರ್ಡ್‌ವೇರ್ ಅಂಗಡಿ. “ಗಿರಾಕಿಗಳು ಅರ್ಧ ಜನ ಆ ಕಡೆಯೋರೇ. ನನ್ ಗಾಡಿ ಅಲ್ಲಿ ನಿಂತಿರೋದ್ ನೋಡಿದ್ರೆ ಏನಂದ್ಕೋತಾರೆ?” ಅದೇ ಅಣ್ಣ ದಿನಾ ಸಂಜೆ ತಾರಸಿಯ ಮೇಲೆ ಗೆಳೆಯರ ಜೊತೆ ಬಾಟಲಿ ಬಿಚ್ಚುತ್ತಿದ್ದ, ಇಡೀ ಬೀದಿಗೆ ನಗು ಕೇಳುತ್ತಿತ್ತು. ಹಾಗಾಗಿ ಹೋದವಳು ನಾನು. ಅರ್ಜಿಯಲ್ಲಿ ಸಹಿಯ ಜಾಗದ ಕೆಳಗೆ ‘ರೋಗಿಯ ಪತ್ನಿ / ತಾಯಿ’ ಎಂದು ಮೊದಲೇ ಅಚ್ಚಾಗಿತ್ತು. ಗುಮಾಸ್ತೆ ಎರಡನ್ನೂ ಹೊಡೆದು, ಮೇಲೆ ಸಣ್ಣಗೆ ‘ನಾದಿನಿ’ ಎಂದು ಬರೆದಳು. ಅತ್ತಿಗೆಯ ಗಾಜಿನ ಬಳೆಗಳನ್ನು ತೆಗೆಸಿ ಕವರಿನಲ್ಲಿ ಹಾಕಿ ನನ್ನ ಕೈಗೆ ಕೊಟ್ಟರು. ಭಾನುವಾರ ನೋಡಲು ಹೋದರೆ ಕೆಳಗಿನ ಅಂತಸ್ತಿನ ಗಂಡಸರಿಗೆಲ್ಲ ಹೆಂಡತಿಯರು ಟಿಫಿನ್ ಕ್ಯಾರಿಯರ್ ಹಿಡಿದು ಸಾಲಾಗಿ ಕೂತಿರುತ್ತಿದ್ದರು. ಮೇಲೆ ಹೆಂಗಸರಿಗೆ ಆರೇ ಮಂಚ. ಅವರಲ್ಲಿ ಒಬ್ಬಳ ಗಂಡನನ್ನೂ ನಾನು ನೋಡಲಿಲ್ಲ.

ಊರಿಗೆಲ್ಲ ಹೇಳಿದ್ದು ಬೇರೆ: ಅತ್ತಿಗೆಗೆ ಬೆನ್ನುನೋವು, ಕೇರಳಕ್ಕೆ ಚಿಕಿತ್ಸೆಗೆ ಹೋಗಿದ್ದಾಳೆ. “ಎಣ್ಣೆ ಬಿಡ್ಸೋಕೆ ಎಣ್ಣೆ ತಿಕ್ಕಿಸ್ತಾ ಇದೀವಿ” ಎಂದು ಅಣ್ಣ ಊಟದ ಮುಂದೆ ಕೂತು ನಗುತ್ತಿದ್ದ. ನಾನು ಅವನ ಎದುರೇ ಕೂತು ತಿಂದೆ, ದಿನಾ ತಿಂದೆ.

ನಲವತ್ತೈದು ದಿನ ಇರಬೇಕು ಎಂದಿದ್ದರು. ಇಪ್ಪತ್ತನೇ ದಿನಕ್ಕೆ ವರಮಹಾಲಕ್ಷ್ಮಿ ಹಬ್ಬ ಬಂತು. ಅಪ್ಪ ಹೋದ ಮೇಲೆ ಅಮ್ಮ ಪೂಜೆಗೆ ಕೂರುವುದಿಲ್ಲ. ಗಂಡ ಬಿಟ್ಟವಳು ಎಂದು ನನ್ನನ್ನು ಕೂರಿಸುವುದಿಲ್ಲ. ಉಳಿದ ಮುತ್ತೈದೆ ಒಬ್ಬಳೇ, ಬಾಗಲೂರಿನ ಮಂಚದ ಮೇಲೆ.

“ಸಂಜೆ ಅರಿಶಿನ ಕುಂಕುಮಕ್ಕೆ ಬೀದಿಗ್ ಬೀದೀನೇ ಬರ್ತದೆ,” ಅಂದಳು ಅಮ್ಮ. “ಮನೆ ಸೊಸೆ ಎಲ್ಲಿ ಅಂದ್ರೆ ನಾನ್ ಏನ್ ಹೇಳ್ಲಿ? ಹಬ್ಬಕ್ಕೂ ಬರ್ದೇ ಇರೋ ಅಂಥಾ ಬೆನ್ನುನೋವು ಯಾವ್ದು? ಇಂಗೆ ಮರ್ಯಾದೆ ಕಳೀಬೇಡ್ರಿ. ಕರ್ಕೊಂಡ್ ಬಾ.”

ಕುಡಿದು ಬಿದ್ದವಳನ್ನು ದೇವಿಯ ಮುಂದೆ ಕೂರಿಸಬಹುದಿತ್ತು. ಖಾಲಿ ಮಣೆ ಮಾತ್ರ ಆಗದು.

ಗುರುವಾರ ಹೋದೆ. ಅತ್ತಿಗೆ ಕೇಂದ್ರದ ಅಡುಗೆಮನೆಯಲ್ಲಿ ಹುರುಳಿಕಾಯಿ ಹೆಚ್ಚುತ್ತಿದ್ದಳು. ಚಾಕು ಬದಿಗಿಟ್ಟು ಕೈ ಮುಂದೆ ಚಾಚಿದಳು. “ನೋಡೇ, ನಡುಗ್ತಾ ಇಲ್ಲ.” ಉಗುರಿನ ಸಂದಿಯಲ್ಲಿ ಹಸಿರು ಮೆತ್ತಿತ್ತು, ಕೈ ಮಾತ್ರ ಕಲ್ಲಿನ ಹಾಗೆ ನಿಂತಿತ್ತು. ಕೌನ್ಸೆಲರ್ ನನ್ನನ್ನು ಪಕ್ಕಕ್ಕೆ ಕರೆದಳು. “ಈಗ್ ತಾನೆ ನಿದ್ದೆ ಬರ್ತಿದೆ ಮೇಡಂ ಅವ್ರಿಗೆ. ಹಬ್ಬ ಮುಂದಿನ ವರ್ಷಾನೂ ಬರತ್ತೆ.” ನಮ್ಮ ಸಲಹೆಗೆ ವಿರುದ್ಧವಾಗಿ ಕರೆದೊಯ್ಯುತ್ತಿದ್ದೀರಿ ಎಂಬ ಕಾಗದ ಮೇಜಿನ ಮೇಲಿತ್ತು. ಸಹಿ ಹಾಕಿದೆ. ಇಲ್ಲೇ ಎಲ್ಲೋ, ಮುಂಚೆಯೋ ಆಮೇಲೋ, ಅತ್ತಿಗೆ ಆ ಮಾತು ಹೇಳಿದಳು. ನಾನು ಕೊಟ್ಟ ಉತ್ತರ ಮಾತ್ರ ಸ್ಪಷ್ಟವಾಗಿದೆ: “ಬಾ ಅತ್ತಿಗೆ, ಕಾರ್ ಕಾಯ್ತಿದೆ.”

ಹೆಬ್ಬಾಳದ ಫ್ಲೈಓವರ್ ಮೇಲೆ ಗಾಡಿಗಳು ಕದಲದೆ ನಿಂತಾಗ ಬಳೆಯ ಕವರ್ ಬಿಚ್ಚಿದೆ. ಬರಿಗೈಯಲ್ಲಿ ಮನೆಯೊಳಗೆ ಬರಬಾರದು ಎಂದು ಅಮ್ಮ ಹೇಳಿ ಕಳಿಸಿದ್ದಳು. ಒಂದೊಂದೇ ಬಳೆ ಏರಿಸಿದೆ. ಅತ್ತಿಗೆ ಕೈ ಕೊಟ್ಟು ಕಿಟಕಿಯಾಚೆ ನೋಡುತ್ತಾ ಕೂತಳು.

ಶುಕ್ರವಾರ ಎಲ್ಲ ಚೆನ್ನಾಗಿ ನಡೆಯಿತು ಎಂದು ಈಗಲೂ ಅಮ್ಮ ಹೇಳುತ್ತಾಳೆ. ಅತ್ತಿಗೆ ರೇಷ್ಮೆ ಸೀರೆ ಉಟ್ಟು ಬಂದವರಿಗೆಲ್ಲ ಕುಂಕುಮ ಇಟ್ಟಳು. ಎದುರುಮನೆಯಾಕೆ ಅವಳ ಗಲ್ಲ ಹಿಡಿದು, “ಕೇರಳ ಒಪ್ಪಿದೆ ಕಣ್ರೀ ನಿಮ್ಗೆ, ಮುಖದಲ್ಲಿ ಏನ್ ಕಳೆ!” ಅಂದಳು. ತಾರಸಿಯ ಮೇಲೆ ಅಣ್ಣನ ಗೆಳೆಯರು ಬಂದಿದ್ದರು. ಹಬ್ಬವೆಂದು ಮಾಂಸ ಇಲ್ಲ, ಅಷ್ಟೇ ವ್ಯತ್ಯಾಸ. ಅಮ್ಮ ಬೋಂಡದ ತಟ್ಟೆ ಅತ್ತಿಗೆಯ ಕೈಗಿಟ್ಟು, “ಮ್ಯಾಲೆ ಕೊಟ್ಟು ಬಾರವ್ವ” ಅಂದಳು.

ನನ್ನ ಕೈ ಹೂರಣದಲ್ಲಿತ್ತು, ಅದಕ್ಕೇ ತಟ್ಟೆ ಕಿತ್ತುಕೊಳ್ಳಲಾಗಲಿಲ್ಲ ಎಂದು ಬಹಳ ದಿನ ಹೇಳಿಕೊಂಡೆ. ಹೋಳಿಗೆ ಮಧ್ಯಾಹ್ನವೇ ಮುಗಿದಿತ್ತು. ಸಂಜೆ ನನ್ನ ಕೈಯಲ್ಲಿ ಏನೂ ಇರಲಿಲ್ಲ.

ಅತ್ತಿಗೆ ತುಂಬ ಹೊತ್ತಾದ ಮೇಲೆ ಇಳಿದು ಬಂದಳು. ಬಾಯಲ್ಲಿ ಏಲಕ್ಕಿ. ಮಣೆಯ ಮೇಲೆ ಕೂತು ಉಳಿದವರಿಗೂ ಕುಂಕುಮ ಇಟ್ಟಳು. ಕೊನೆಯಲ್ಲಿ ನನಗೂ ಹಣೆಗಿಡಲು ಬಂದಳು. ಬೊಟ್ಟು ಹುಬ್ಬಿನ ಮೇಲೆ ಜಾರಿತು. ಕರಿದ ಎಣ್ಣೆ, ಮಲ್ಲಿಗೆ, ಕರ್ಪೂರ, ಏಲಕ್ಕಿ, ಅದರ ಅಡಿಯಿಂದ ಆ ಹುಳಿ ಉಸಿರು. ಬಚ್ಚಲಿಗೆ ಹೋಗಿ ವಾಂತಿ ಮಾಡಿಕೊಂಡೆ. ಅವಳ ಉಸಿರಿಗೆ ಅಂದುಕೊಂಡಿದ್ದೆ. ಅಷ್ಟೇ ಅಲ್ಲ. ನಡುಮನೆಯಲ್ಲಿ ಅಮ್ಮ ಎದುರುಮನೆಯಾಕೆಗೆ ಕೇರಳದ ವಿಳಾಸ ಕೊಡುವುದಾಗಿ ಹೇಳುತ್ತಿದ್ದಳು.

ಮರುದಿನ ಕೇಂದ್ರಕ್ಕೆ ಫೋನ್ ಮಾಡಿದೆ. ಇವತ್ತೇ ಕರೆದುಕೊಂಡು ಬನ್ನಿ ಎಂದಳು ಕೌನ್ಸೆಲರ್. ಅತ್ತಿಗೆ ಒಪ್ಪಲಿಲ್ಲ. “ನಿಮ್ಗೆ ಹಬ್ಬಕ್ಕೆ ನಾನ್ ಬೇಕಿತ್ತು, ಬಂದೆ. ಮತ್ತೆ ಹೋಗ್ತೀನಿ, ಗೌರಿ ಹಬ್ಬಕ್ಕೆ ಮತ್ತೆ ಬರ್ತೀಯಾ ಕಾಗ್ದ ಹಿಡ್ಕೊಂಡು. ಸಾಕು ಬಿಡೇ.”

ಅವಳು ಈಗಲೂ ಆ ಮನೆಯಲ್ಲೇ ಇದ್ದಾಳೆ. ಕೆಲವು ತಿಂಗಳು ಕುಡಿಯುವುದಿಲ್ಲ, ಕೆಲವು ತಿಂಗಳು ಕುಡಿಯುತ್ತಾಳೆ. ನಾನು ಯಲಹಂಕದಲ್ಲಿ ಬೇರೆ ಮನೆ ಮಾಡಿದ್ದೇನೆ. ಉಳಿದ ಇಪ್ಪತ್ತಾರು ದಿನ ಅಲ್ಲಿದ್ದಿದ್ದರೆ ಬಿಡುತ್ತಿದ್ದಳೋ ಇಲ್ಲವೋ ನನಗೆ ಗೊತ್ತಿಲ್ಲ. ಆ ಮಾತು ಹೇಳಿದಾಗ ನನ್ನ ಪೆನ್ನು ಕಾಗದದ ಮೇಲಿತ್ತೋ ಇಲ್ಲವೋ, ಅದೂ ಗೊತ್ತಿಲ್ಲ. ಅತ್ತಿಗೆಯನ್ನು ಕೇಳಬಹುದು. ಇದುವರೆಗೆ ಕೇಳಿಲ್ಲ.