ಗೇಟಿನ ಹೊರಗೆ ಹಾಡುತ್ತಿದ್ದವರು

ಹಲಸೂರಿನ ನಮ್ಮ ಚರ್ಚಿನಲ್ಲಿ ಕನ್ನಡ ಪೂಜೆಯ ಗಾನವೃಂದ ನಡೆಸುವವಳು ನಾನು. ಮೂವತ್ತು ವರ್ಷ ಶಾಲೆಯಲ್ಲಿ ಮಕ್ಕಳ ನೋಟ್‌ಬುಕ್ ತಿದ್ದಿದ ಕೈ; ತಪ್ಪು ಕಂಡರೆ ಕೆಂಪು ಗೀಟು ಎಳೆಯದೆ ಬಿಟ್ಟಿದ್ದಿಲ್ಲ. ಶಿವಾಜಿನಗರದ ಟೈಲರ್ ಒಬ್ಬರು ನಮ್ಮ ಜೊತೆ ಹಾಡುತ್ತಿದ್ದರು. ನೆಲದೊಳಗಿಂದ ಎದ್ದು ಬಂದಂಥ ತಗ್ಗಿನ ದನಿ. ಒಂದು ಕ್ರಿಸ್ಮಸ್‌ಗೆ ಅವರು ಕುಡಿದು ಬಂದು, ಹುಡುಗರು ವಾರವಿಡೀ ಕೂತು, ಯೇಸು ಹುಟ್ಟಿದ ಕೊಟ್ಟಿಗೆಯ ಗೊಂಬೆಗಳನ್ನಿಟ್ಟು ಕಟ್ಟಿದ್ದ ಗೋದಲಿಯ ಮೇಲೇ ಬಿದ್ದುಬಿಟ್ಟರು. ಕುರಿಗಳು ಒಂದು ಕಡೆ, ಮೂವರು ರಾಜರು ಒಂದು ಕಡೆ.

"ಇನ್ಮೇಲೆ ಈ ಕಡೆ ಬರ್ಬೇಡಿ," ಎಂದು ಎಲ್ಲರೆದುರು ಹೇಳಿದವಳು ನಾನೇ. ಅವರು ಬರಲಿಲ್ಲ. ಸರಿಯಾದದ್ದನ್ನೇ ಮಾಡಿದೆ ಎಂದುಕೊಂಡು ಎರಡು ವರ್ಷ ನೆಮ್ಮದಿಯಾಗಿದ್ದೆ.

ಹೋದ ವರ್ಷ ನವೆಂಬರಿನ ಒಂದು ಭಾನುವಾರ, ಗೇಟಿನ ಹೊರಗೆ ಮೇಣದಬತ್ತಿ ಮಾರುವಾಕೆ ನನ್ನನ್ನು ತಡೆದು ನಿಲ್ಲಿಸಿದಳು.

"ಅಮ್ಮಾ, ಆ ಟೈಲರಣ್ಣನ್ನ ಒಳಗೆ ಕರೀಬಾರ್ದಾ? ವಾರ ವಾರ ಇಲ್ಲೇ ನನ್ನ ಪಕ್ಕ ನಿಂತ್ಕೊಂಡು ನಿಮ್ಮ ಹಾಡಿಗೆ ದನಿ ಸೇರಿಸ್ತಾರೆ."

"ಕುಡಿದಿರ್ತಾರಾ?" ನನ್ನ ಬಾಯಿಂದ ಮೊದಲು ಬಂದದ್ದು ಅದೇ.

"ಹೂಂ, ಟೀ."

ನಗು ಬಂತು. ಅದರ ಬೆನ್ನಿಗೇ ನಾಚಿಕೆ. ಪ್ರತಿ ಪೂಜೆಯಲ್ಲೂ ದೇವರ ಮುಂದೆ ದಯೆ ಬೇಡುತ್ತೇನೆ. ನನಗೆ ಅದು ಸಿಕ್ಕೇ ಸಿಗುತ್ತದೆ ಎಂಬ ಧೈರ್ಯ. ಈ ಮನುಷ್ಯನಿಗೆ ಮಾತ್ರ ನಾನು ಒಂದು ಚೂರೂ ಉಳಿಸಿರಲಿಲ್ಲ.

ಮರುವಾರ ಬೇಗ ಹೋಗಿ ಗೇಟಿನ ಬಳಿ ಕಾದೆ. ನನ್ನನ್ನು ಕಂಡದ್ದೇ ಅವರು ತಿರುಗಿ ಹೊರಟರು.

"ನಿಲ್ಲಿ ಅಣ್ಣಾ!" ಸೀರೆಯ ನೆರಿಗೆ ಹಿಡಿದುಕೊಂಡು ಬಸ್‌ಸ್ಟಾಪಿನವರೆಗೂ ಓಡಿದೆ. "ಅವತ್ತು ನಾನು ಹಾಗನ್ಬಾರ್ದಿತ್ತು. ತಪ್ಪಾಯ್ತು, ಒಳಗೆ ಬನ್ನಿ."

"ಬಿದ್ದವನು ನಾನು, ತಪ್ಪು ನಿಮ್ಮದಾ ಟೀಚರ್?" ಎಂದರು. ಕಣ್ಣು ತುಂಬಿತ್ತು. "ಕುಡಿಯೋದು ಬಿಟ್ಟು ವರ್ಷವಾಯ್ತು. ಆದ್ರೂ ಒಳಗೆ ಕಾಲಿಡೋಕೆ ಧೈರ್ಯ ಬರ್ಲಿಲ್ಲ."

ಅವರನ್ನು ಕರೆದುಕೊಂಡು ಬಂದಾಗ ಗಾನವೃಂದದ ಹಿರಿಯರೊಬ್ಬರು ನನ್ನ ಕಿವಿಯಲ್ಲಿ, "ಮತ್ತೆ ಕುಡಿದು ಬಂದ್ರೆ?" ಎಂದರು.

"ಬಂದ್ರೆ ಆವಾಗ ನೋಡೋಣ ಸಾರ್. ಇವತ್ತು ಕುಡಿದು ಬಂದಿಲ್ವಲ್ಲ."

ಹಿರಿಯರು ಬೆಂಚಿನಲ್ಲಿ ಸರಿದು ಕೂತು ಪಕ್ಕದಲ್ಲಿ ಜಾಗ ಮಾಡಿದರು.

ಕ್ರಿಸ್ಮಸ್ ಬೆಳಿಗ್ಗೆ ಚರ್ಚು ಕಿಕ್ಕಿರಿದಿತ್ತು. ಟೈಲರ್ ತಾವೇ ಹೊಲಿದ ಹೊಸ ಬಿಳಿ ಅಂಗಿ ತೊಟ್ಟು ಬಂದಿದ್ದರು. ಎರಡನೆಯ ಚರಣಕ್ಕೆ ಮುಂಚೆ ಕೀಬೋರ್ಡ್ ಒಂದು ಸುತ್ತು ಒಂಟಿಯಾಗಿ ನುಡಿಯಬೇಕಿತ್ತು. ಖುಷಿಯಲ್ಲಿ ಇವರು ಅಷ್ಟರೊಳಗೇ ಹಾಡು ಎತ್ತಿಬಿಟ್ಟರು, ಅದೂ ಗೋಪುರದ ಗಂಟೆಯ ಹಾಗೆ! ತಕ್ಷಣ ಗೊತ್ತಾಗಿ, ಗಾಬರಿಯಿಂದ ನನ್ನ ಮುಖ ನೋಡಿದರು.

ನಾನು ಎರಡೂ ಕೈ ಎತ್ತಿ, ಮಿಕ್ಕವರೆಲ್ಲ ಅವರ ಜೊತೆ ಸೇರುವಂತೆ ಸನ್ನೆ ಮಾಡಿದೆ. ಗಾನವೃಂದ ಸೇರಿತು, ಕೀಬೋರ್ಡ್ ಓಡಿ ಬಂದು ಜೊತೆಯಾಯಿತು, ಆಮೇಲೆ ಜನವೆಲ್ಲ ದನಿಗೂಡಿಸಿದರು. ಪೀಠದ ಬಳಿ ಫಾದರ್ ನಗು ತಡೆಯಲಾರದೆ ಪುಸ್ತಕದಿಂದ ಮುಖ ಮುಚ್ಚಿಕೊಂಡರು. ಅದಕ್ಕೆ ಮುಂಚೆ ಎಂದಾದರೂ ನಾವು ಅಷ್ಟು ಚೆನ್ನಾಗಿ ಹಾಡಿದ್ದು ನನಗೆ ನೆನಪಿಲ್ಲ.