ಫಾಳಾ ತುಂಬಿದವಳ ಬಾಗಿಲಲ್ಲಿ ಹಲಗಿ

ಸರಕಾರಿ ಕಚೇರಿಗಳಿಗೆ ಕಂಪ್ಯೂಟರ್ ಕೆಲಸ ಮಾಡಿಕೊಡುವವರನ್ನು ಕಂಡರೆ ನನಗೆ ಕನಿಕರವಿಲ್ಲ. ನಾನೂ ಅವರಲ್ಲಿ ಒಬ್ಬಳಾದ್ದರಿಂದ ಹೀಗೆ ಹೇಳುವ ಹಕ್ಕು ನನಗಿದೆ. ಕೊಲ್ಹಾಪುರದ ಒಂದು ಸಣ್ಣ ಕಂಪನಿಯಲ್ಲಿ ಕೂತು, ಸುತ್ತಲಿನ ಕೆಲವು ಊರುಗಳ ಮನೆ ತೆರಿಗೆ ನೋಡಿಕೊಳ್ಳುವ ಕಚೇರಿಗೆ ನಾವು ಆನ್‌ಲೈನ್ ವ್ಯವಸ್ಥೆ ಮಾಡಿಕೊಟ್ಟೆವು. ಮನೆ ತೆರಿಗೆಗೆ ಇಲ್ಲಿ ಘರಫಾಳಾ ಅನ್ನುತ್ತಾರೆ. ನಮ್ಮ ಕನ್ನಡದವರ ಬಾಯಲ್ಲಿ ಬರೀ ಫಾಳಾ. ಮನೆ ಎಷ್ಟು ದೊಡ್ಡದು, ಅಂಗಡಿ ಇದೆಯೋ, ಬಾಡಿಗೆಗೆ ಕೊಟ್ಟಿದ್ದೀರೋ ಎಂದು ಮಾಲೀಕರೇ ಮೊಬೈಲಿನಲ್ಲಿ ಬರೆದು ಕಳಿಸಬೇಕು, ಆಮೇಲೆ ಅಲ್ಲೇ ಹಣ ಕಟ್ಟಬೇಕು. ಕೆಲಸ ಇಷ್ಟೇ. ಇಷ್ಟರಲ್ಲೇ ಊರೂರಿನ ಶಾಪ ನಮ್ಮ ತಲೆಗೆ ಬಂತು.

ಎಲ್ಲದಕ್ಕೂ ಮೂಲ ಒಂದು ಶಬ್ದ. ಮರಾಠಿಯಲ್ಲಿ ಅರ್ಜಿ ಬರೆಯುವುದಕ್ಕೂ ‘ಭರಣೆ’ ಅನ್ನುತ್ತಾರೆ, ಹಣ ಕಟ್ಟುವುದಕ್ಕೂ ‘ಭರಣೆ’. ಗಡಿಯ ನಮ್ಮ ಕನ್ನಡಕ್ಕೂ ಅದೇ ಹಣೆಬರಹ: ಫಾರ್ಮೂ ತುಂಬುತ್ತೇವೆ, ಫಾಳಾನೂ ತುಂಬುತ್ತೇವೆ. ಮಾಲೀಕರು ವಿವರ ಕಳಿಸಿದ ಕೂಡಲೇ ಮೊಬೈಲಿನಲ್ಲಿ ದೊಡ್ಡದೊಂದು ಹಸಿರು ಗುರುತು ಮೂಡಿ, ‘ಘರಫಾಳಾ ಅರ್ಜ ಭರಲಾ ಆಹೆ, ಧನ್ಯವಾದ’ ಎಂದು ಬರುತ್ತಿತ್ತು. ಅರ್ಜಿ ತುಂಬಿದೆ ಎಂದೇ ಅದರ ಅರ್ಥ, ಆದರೆ ಘರಫಾಳಾ ಮತ್ತು ಭರಲಾ ಎರಡನ್ನೂ ಒಟ್ಟಿಗೆ ನೋಡಿದ ಕಣ್ಣು ನಡುವಿನ ಅರ್ಜಿಯನ್ನು ನುಂಗಿಬಿಡುತ್ತದೆ. ಹಣ ಕಟ್ಟುವ ಜಾಗ ಅದರ ಕೆಳಗೆ, ಇರುವೆಯಂಥ ಅಕ್ಷರದಲ್ಲಿತ್ತು. ಧನ್ಯವಾದ ಹೇಳಿಸಿಕೊಂಡ ಮೇಲೆ ಯಾರಾದರೂ ಅಂಗಡಿಯಲ್ಲಿ ನಿಲ್ಲುತ್ತಾರೆಯೇ? ಆ ವಾಕ್ಯ ಬರೆದವರು ಕಚೇರಿಯ ಸಾಹೇಬರು. ಅದರ ಮೇಲೆ ಅವರಿಗೆ ಹೆತ್ತ ಮಗುವಿನ ಮೇಲಿರುವಷ್ಟು ಮೋಹ.

ಜನರಿಗೆ ಬಿಡುವ ಮೊದಲು ಪರೀಕ್ಷೆ ಮಾಡಲೆಂದು ನನ್ನನ್ನು ಇಚಲಕರಂಜಿಗೆ ಅಟ್ಟಿದರು. ಮಗ್ಗದ ಶೆಡ್ಡೊಂದರಲ್ಲಿ, ಒಬ್ಬರ ಮಾತು ಒಬ್ಬರಿಗೆ ಕೇಳದ ಆ ಗದ್ದಲದಲ್ಲಿ, ಮಾಲೀಕರು ವಿವರವನ್ನೆಲ್ಲ ಬರೆದರು, ಹಸಿರು ಗುರುತು ನೋಡಿದರು, ಮೊಬೈಲನ್ನು ಕಿಸೆಗೆ ಹಾಕಿಕೊಂಡು ತುಂಬಿದ್ದಾಯಿತು, ಚಹಾ ಕುಡಿಯಿರಿ ಎಂದರು. ಹಣ ಇನ್ನೂ ಹೋಗಿಲ್ಲ ಎಂದೆ. ಹೋಗದಿದ್ದರೆ ಧನ್ಯವಾದ ಯಾಕೆ ಹೇಳಿದಿರಿ ಎಂದು ನನ್ನ ಮೇಲೇ ರೇಗಿದರು. ಅವರ ಸಿಟ್ಟು ನ್ಯಾಯವಾಗಿತ್ತು, ನನಗೆ ಖುಷಿಯೇ ಆಯಿತು.

ಅದನ್ನೇ ಸಭೆಯಲ್ಲಿ ಹೇಳಿದೆ. ‘ಅರ್ಜಿ ಬಂದಿದೆ, ಹಣ ಇನ್ನೂ ಬಾಕಿ’ ಎಂದು ಕೆಂಪಕ್ಷರದಲ್ಲಿ ಹಾಕೋಣ ಎಂದೆ. ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡು, ಮರಾಠಿ ವ್ಯಾಕರಣದ ಪ್ರಕಾರ ವಾಕ್ಯ ಸರಿಯಾಗಿದೆ, ಕಾನಡಿ ಮಂದಿಗೆ ತಿಳಿಯದಿದ್ದರೆ ಕಚೇರಿ ಏನು ಮಾಡಬೇಕು ಎಂದರು. ಇಚಲಕರಂಜಿಯ ಆ ಮಾಲೀಕರು ಹುಟ್ಟು ಮರಾಠಿಗರು ಎಂದು ಹೇಳಲು ಬಾಯಿ ತೆರೆದೆ. ನಮ್ಮ ಕಂಪನಿಯ ಯಜಮಾನರು ಮೇಜಿನ ಕೆಳಗೆ ನನ್ನ ಕಾಲು ತುಳಿದರು. ಅವರ ಬೂಟು ಭಾರಿ ಗಟ್ಟಿಯಾಗಿತ್ತು. ವಾಕ್ಯ ಹಾಗೆಯೇ ಜನರ ಮೊಬೈಲಿಗೆ ಹೋಯಿತು. ಇಬ್ಬರನ್ನೂ ನಾನು ಈವರೆಗೆ ಕ್ಷಮಿಸಿಲ್ಲ, ಕ್ಷಮಿಸುವ ಅವಸರವೂ ಇಲ್ಲ.

ನನ್ನ ಸೋದರತ್ತೆ ಗಡಹಿಂಗ್ಲಜದಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುತ್ತಾಳೆ. ಗಂಡ ತೀರಿಕೊಂಡ ಮೇಲೆ ಅಂಗಡಿಯನ್ನು ಒಬ್ಬಳೇ ನಡೆಸಿದವಳು. ಊರಿನಲ್ಲಿ ಅವಳ ಮಾತಿಗೆ ಬೆಲೆಯಿತ್ತು, ಮತ್ತು ಆ ಬೆಲೆ ಅವಳಿಗೆ ಅಂಗಡಿಗಿಂತ ದೊಡ್ಡದು. ಸೋದರಸೊಸೆ ಮಾಡಿದ ವ್ಯವಸ್ಥೆ ಎಂದು ಓಣಿಯಲ್ಲಿ ಎಲ್ಲರಿಗಿಂತ ಮೊದಲು ತಾನೇ ಮೊಬೈಲಿನಲ್ಲಿ ತುಂಬಿದಳು. ಅರ್ಜಿಯಲ್ಲಿ ಬ್ಯಾಂಕ್ ಖಾತೆಯ ವಿವರ ಕೇಳಿದ್ದರಿಂದ ಹಣ ತಾನಾಗಿಯೇ ಹೋಗುತ್ತದೆಂದು ತಿಳಿದಳು. ಹಸಿರು ಗುರುತನ್ನು ನೆರೆಹೊರೆಯವರಿಗೆಲ್ಲ ತೋರಿಸಿದಳು. ಮುಂದೆ ಬಾಕಿಯ ನೋಟೀಸು ಬಂದಾಗ ನಕ್ಕುಬಿಟ್ಟಳಂತೆ. ಕಂಪ್ಯೂಟರಿನವರಿಗೆ ಗೊತ್ತಾದದ್ದು ಕಾಗದದವರಿಗೆ ಇನ್ನೂ ಗೊತ್ತಾಗಿಲ್ಲ ಎಂದು ಅದನ್ನು ಕಪಾಟಿನಲ್ಲಿಟ್ಟಳು.

ಬಾಕಿದಾರರ ಬಾಗಿಲಿಗೆ ಹಲಗಿ, ಅಂದರೆ ತಮಟೆ, ಬಾರಿಸುವವರನ್ನು ಕಳಿಸುವುದು ನಮ್ಮ ಕಡೆಯ ವಸೂಲಿಯ ಪದ್ಧತಿ. ಮನೆಯವರು ಹೊರಬರುವ ತನಕ ಬಾರಿಸುತ್ತಾರೆ, ಓಣಿಯೆಲ್ಲ ಸೇರುತ್ತದೆ. ಅತ್ತೆ ಪೂಜೆ ಮುಗಿಸಿ ವಿಭೂತಿ ಹಚ್ಚಿಕೊಳ್ಳುತ್ತಿದ್ದಾಗ ಅವಳ ಬಾಗಿಲಲ್ಲಿ ಹಲಗಿ ಬಡಿದರು. ಯಾರದೋ ಮದುವೆ ಇರಬೇಕೆಂದು ನೋಡಲು ಬಂದವಳು ತನ್ನದೇ ಹೆಸರನ್ನು ಕೂಗುವುದನ್ನು ಕೇಳಿದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ, ಸಾಹೇಬರ ವ್ಯಾಕರಣಕ್ಕೆ ಅತ್ತೆಯ ಮಾನ ಹೋಯಿತು.

ಮರುದಿನವೇ ಬಸ್ ಹತ್ತಿ ಕೊಲ್ಹಾಪುರಕ್ಕೆ ಬಂದಳು. ನನಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವಳನ್ನು ನೇರ ಸಾಹೇಬರ ಎದುರಿಗೆ ಕರೆದುಕೊಂಡು ಹೋದೆ. ಯಜಮಾನರ ಬೂಟು ಆ ದಿನ ಅಲ್ಲಿರಲಿಲ್ಲ. ಸಾಹೇಬರಿಗೆ ಕನ್ನಡ ಚೆನ್ನಾಗಿ ತಿಳಿಯುತ್ತದೆ, ಬೇಕಾದಾಗ. ಅತ್ತೆ ತನ್ನ ಮೊಬೈಲಿನಲ್ಲಿ ಆ ಹಸಿರು ಗುರುತನ್ನು ಅವರ ಮೂಗಿನ ಕೆಳಗೆ ಹಿಡಿದಳು.

“ತುಂಬೈತಿ ಅಂತ ನೀವ ಬರದೀರಿ, ಸಾಹೇಬ್ರ. ನಾ ಮತ್ತೇನಂತ ಓದಬೇಕಿತ್ತು?”

ಸಾಹೇಬರು ನೋಡಿದರು, ಕೆಮ್ಮಿದರು, ದಂಡ ಬಿಟ್ಟುಬಿಡುವುದಾಗಿ ಹೇಳಿದರು, ಅದಕ್ಕೊಂದು ವಿನಂತಿ ಅರ್ಜಿ ಬರೆದುಕೊಡಲು ಹೇಳಿದರು. ದೊಡ್ಡ ಉಪಕಾರ ಮಾಡಿದವರ ಮುಖ. ಅತ್ತೆ ಅರ್ಜಿಯನ್ನು ಮುಟ್ಟಲಿಲ್ಲ.

“ದಂಡ ಬಿಡೂದು ಬ್ಯಾಡ್ರಿ, ಅದನ್ನೂ ತುಂಬತೇನಿ. ಹಲಗಿ ಬಾರಿಸಿ ನನ್ನ ಹೆಸರ ಕೂಗೀರಿ. ಈಗ ಹಲಗಿ ಬಾರಿಸೇ ನಂದು ತಪ್ಪಿಲ್ಲ ಅಂತ ಹೇಳ್ರಿ.”

ಅಂಥ ನಿಯಮ ಇಲ್ಲ ಎಂದರು ಸಾಹೇಬರು. ಬಾರಿಸುವುದಕ್ಕೆ ನಿಯಮವಿದೆ, ತಪ್ಪು ಒಪ್ಪುವುದಕ್ಕೆ ಇಲ್ಲ. ಅತ್ತೆ ಕೆಳಗಿಳಿದು ಕೌಂಟರಿನಲ್ಲಿ ಸಾಲು ನಿಂತು ದಂಡಸಹಿತ ಕಟ್ಟಿ, ಪಾವತಿ ಚೀಟಿಯನ್ನು ಮಡಚಿ ಕುಪ್ಪಸದಲ್ಲಿಟ್ಟುಕೊಂಡಳು. ಮುಂದಿನ ವಾರ ಕಚೇರಿಯಿಂದ ಆ ವಾಕ್ಯ ಬದಲಿಸಲು ಆದೇಶ ಬಂತು. ಬದಲಿಸಿದ್ದು ನಾನೇ, ಚಹಾ ಆರುವಷ್ಟು ಹೊತ್ತೂ ಹಿಡಿಯಲಿಲ್ಲ. ‘ನಾಗರಿಕರ ಅನುಕೂಲಕ್ಕಾಗಿ ಸುಧಾರಣೆ’ ಎಂದು ಸಾಹೇಬರು ಪ್ರಕಟಣೆ ಹೊರಡಿಸಿದರು.

ಅತ್ತೆ ಮಾತ್ರ ತನ್ನ ಹಟ ಬಿಡಲಿಲ್ಲ. ಕಚೇರಿ ಬಾರಿಸದಿದ್ದರೆ ತಾನೇ ಬಾರಿಸುವುದಾಗಿ ಹೇಳಿ, ಅದೇ ಹಲಗಿಯವರನ್ನು ಹುಡುಕಿ ಒಂದು ಭಾನುವಾರ ಕರೆಸಿದಳು. ಅವರಿಗೂ ಪಾಪ ಅವಳ ಮೇಲೆ ದ್ವೇಷವಿರಲಿಲ್ಲ, ಮನಸಾರೆ ಬಾರಿಸಿದರು. ನಾನು ಅವಳ ಪಕ್ಕದಲ್ಲೇ ನಿಂತಿದ್ದೆ. ಇಳಕಲ್ ಸೀರೆ ಉಟ್ಟು, ಪಾವತಿ ಕೈಯಲ್ಲಿ ಹಿಡಿದು, ಓಣಿ ಸೇರುವುದನ್ನೇ ಕಾಯುತ್ತಿದ್ದಳು. ಬಾಗಿಲುಗಳು ಒಂದೊಂದಾಗಿ ತೆರೆದವು. ಅವಳು ಮಾತು ಶುರು ಮಾಡುವಷ್ಟರಲ್ಲಿ ಎದುರು ಮನೆಯ ಹೆಂಗಸು ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಹೊರಬಂದು, ಬಹಳ ಮರುಕದಿಂದ ಕೇಳಿದಳು:

“ಯಾಕ್ರಿ ಕಾಕು, ಇನ್ನೂ ಫಾಳಾ ತುಂಬಿಲ್ಲೇನ್ರಿ?”